ಮೊದಲು ಫಿಲ್ಟರ್ ಬಿಚ್ಚುತ್ತೇವೆ, ಉಳಿದ ಕೆಲಸ ಆಮೇಲೆ

ಸಕಲೇಶಪುರ

ಆತ್ಮೀಯ ಗ್ರಾಹಕರಿಗೆ ನಮಸ್ಕಾರಗಳು.

ಬರುವ ತಿಂಗಳ ಮೊದಲ ಸೋಮವಾರದಿಂದ ನಮ್ಮ ಗ್ಯಾರೇಜಿನ ಪದ್ಧತಿಯೊಂದು ಬದಲಾಗುತ್ತಿದೆ. ಸೆಕೆಂಡ್ ಹ್ಯಾಂಡ್ ಕಾರು ಮೊದಲ ಸಲ ನಮ್ಮಲ್ಲಿಗೆ ಬಂದಾಗ, ನೀವು ಏನೇ ತೊಂದರೆ ಹೇಳಿದರೂ ನಾವು ಮೊದಲು ನೋಡುವುದು ಅದರ ಡೀಸೆಲ್ ಅಥವಾ ಪೆಟ್ರೋಲ್ ಫಿಲ್ಟರನ್ನು. ಅದನ್ನು ಯಾವಾಗ ಬದಲಾಯಿಸಿದ್ದು ಎಂಬುದಕ್ಕೆ ಬಿಲ್ಲಾಗಲಿ, ಸರ್ವಿಸ್ ಬುಕ್ಕಿನಲ್ಲಿ ಬರಹವಾಗಲಿ ಇಲ್ಲದಿದ್ದರೆ ಹೊಸದನ್ನು ಹಾಕಿದ ನಂತರವೇ ಮುಂದಿನ ಕೆಲಸ. ತೆಗೆದ ಹಳೆಯ ಫಿಲ್ಟರನ್ನು ನಿಮ್ಮೆದುರೇ ಕತ್ತರಿಸಿ ತೋರಿಸುತ್ತೇವೆ. ಇದಕ್ಕೆ ಒಪ್ಪಿಗೆ ಇಲ್ಲದಿದ್ದರೆ ಇಂಜೆಕ್ಟರ್ (ಎಂಜಿನ್ನಿಗೆ ಇಂಧನ ಸಿಂಪಡಿಸುವ ಭಾಗ), ಪಂಪ್, ಟರ್ಬೊ (ಎಂಜಿನ್ನಿಗೆ ಹೆಚ್ಚು ಗಾಳಿ ತಳ್ಳುವ ಭಾಗ) ಕೆಲಸಗಳನ್ನು ನಾವು ಒಪ್ಪಿಕೊಳ್ಳುವುದಿಲ್ಲ.

ಹೀಗೆ ಕಟ್ಟುನಿಟ್ಟು ಮಾಡಲು ಕಾರಣ ನಮ್ಮಿಂದಲೇ ಆದ ಒಂದು ತಪ್ಪು. ಅದನ್ನು ಮುಚ್ಚಿಟ್ಟು ಹೊಸ ನಿಯಮವನ್ನಷ್ಟೇ ನಿಮ್ಮ ಮುಂದಿಡುವುದು ನಮಗೆ ಸರಿಯೆನಿಸಲಿಲ್ಲ.

ಕಳೆದ ಮಳೆಗಾಲದಲ್ಲಿ ನಮ್ಮ ಊರಿನ ಮೇಷ್ಟ್ರೊಬ್ಬರು ತಾವು ಹೊಸದಾಗಿ ಕೊಂಡ ಹಳೆಯ ಸ್ವಿಫ್ಟ್ ಡೀಸೆಲ್ ಕಾರನ್ನು ತಂದರು. ಏರಿನಲ್ಲಿ ಪಿಕಪ್ ಇಲ್ಲ ಎಂಬುದು ಅವರ ದೂರು. ಮಾರಿದವರು ‘ಫುಲ್ ಸರ್ವಿಸ್ ಆಗಿದೆ’ ಎಂದಿದ್ದರಂತೆ. ಎಂಜಿನ್ ತೊಳೆದು ಫಳಫಳ ಹೊಳೆಯುತ್ತಿತ್ತು, ಆಯಿಲ್ ಹೊಸದಾಗಿತ್ತು. ನಾವೂ ಆ ಮಾತನ್ನು ನಂಬಿದೆವು. ಟರ್ಬೊ ಪೈಪುಗಳನ್ನು ನೋಡಿದೆವು, ಏರ್ ಫಿಲ್ಟರ್ ಬದಲಾಯಿಸಿದೆವು, ಸೆನ್ಸರ್ ಸ್ವಚ್ಛ ಮಾಡಿದೆವು. ಹಾಸನದ ಕಡೆಗೆ ನಾಲ್ಕು ಕಿಲೋಮೀಟರ್ ಓಡಿಸಿದಾಗ ಕಾರು ಸಲೀಸಾಗಿ ಹೋಯಿತು. ಎರಡು ದಿನದ ಕೂಲಿ ಪಡೆದು ಕೀಲಿ ಕೊಟ್ಟೆವು.

ಮುಂದಿನ ವಾರ ಮಗಳನ್ನು ಮಂಗಳೂರಿನ ಹಾಸ್ಟೆಲ್ಲಿಗೆ ಬಿಟ್ಟು ಹಿಂದಿರುಗುವಾಗ, ಗುಂಡ್ಯ ದಾಟಿ ಶಿರಾಡಿ ಘಾಟಿ ಹತ್ತುತ್ತಿದ್ದಂತೆ ಕಾರು ಜರ್ಕ್ ಹೊಡೆದು ನಿಂತುಬಿಟ್ಟಿತು. ರಾತ್ರಿ ಒಂಬತ್ತೂವರೆ, ಬಿಡದ ಮಳೆ, ತಿರುವಿನಲ್ಲಿ ಒಂದರ ಹಿಂದೆ ಒಂದು ಲಾರಿ. ಹಿಂದಿನ ಸೀಟಿನಲ್ಲಿ ಅವರ ವಯಸ್ಸಾದ ತಾಯಿ. ಮೇಷ್ಟ್ರು ಫೋನ್ ಮಾಡಿದಾಗ ಒಂದು ಬಿರುಸಿನ ಮಾತನ್ನೂ ಆಡಲಿಲ್ಲ. ನಮಗೆ ಅದೇ ಹೆಚ್ಚು ನೋವಾಯಿತು.

ಸ್ಥಳಕ್ಕೆ ಹೋಗಿ ಮೊಬೈಲ್ ಬೆಳಕಿನಲ್ಲಿ ಡೀಸೆಲ್ ಫಿಲ್ಟರಿನ ಅಡಿಯ ಡ್ರೈನ್ ಸ್ಕ್ರೂ ಸಡಿಲಿಸಿದೆವು. ಮೊದಲು ಇಳಿದದ್ದು ಡೀಸೆಲ್ ಅಲ್ಲ, ಡಿಕಾಕ್ಷನ್ ಬಣ್ಣದ ನೀರು. ಅರ್ಧ ಲೋಟಕ್ಕೂ ಹೆಚ್ಚಿತ್ತು. ಮರುದಿನ ಗ್ಯಾರೇಜಿನಲ್ಲಿ ಆ ಫಿಲ್ಟರಿನ ತಗಡಿನ ಡಬ್ಬಿಯನ್ನು ಕತ್ತರಿಸಿದಾಗ, ಒಳಗಿನ ಕಾಗದದ ಮಡಿಕೆಗಳು ಕಪ್ಪು ಅಂಟಿನಲ್ಲಿ ಒಂದಕ್ಕೊಂದು ಕಚ್ಚಿಕೊಂಡಿದ್ದವು. ಬೆರಳಿನಿಂದ ಬಿಡಿಸಲು ಹೋದರೆ ಹರಿದು ಬಂದವು. ತಳದಲ್ಲಿ ತುಕ್ಕಿನ ಪುಡಿ. ಡಬ್ಬಿಯ ಮೇಲೆ ಅಚ್ಚಾಗಿದ್ದ ವರ್ಷ 2016. ಅಷ್ಟು ವರ್ಷ ಅದನ್ನು ಯಾರೂ ಮುಟ್ಟಿರಲಿಲ್ಲ. ಒಂದು ಇಂಜೆಕ್ಟರ್ ಆಗಲೇ ಕೆಟ್ಟಿತ್ತು. ಹಿಂದಿನ ಕೂಲಿಯನ್ನು ಮೇಷ್ಟ್ರಿಗೆ ಹಿಂದಿರುಗಿಸಿದೆವು, ಎರಡನೆಯ ಸಲದ ಕೆಲಸಕ್ಕೆ ಕೂಲಿ ತೆಗೆದುಕೊಳ್ಳಲಿಲ್ಲ. ಆದರೆ ಆ ತಿರುವಿನಲ್ಲಿ ಅವರ ತಾಯಿ ಕಳೆದ ಒಂದೂವರೆ ಗಂಟೆಯನ್ನು ನಾವು ಹಿಂದಿರುಗಿಸಲಾರೆವು. ಮೊದಲ ದಿನವೇ ಫಿಲ್ಟರ್ ಬಿಚ್ಚಿದ್ದರೆ ಅರ್ಧ ಗಂಟೆಯಲ್ಲಿ ಮುಗಿಯುತ್ತಿದ್ದ ಕೆಲಸವದು.

ಸಪಾಟು ರಸ್ತೆಯಲ್ಲಿ ಚೆನ್ನಾಗಿದ್ದ ಕಾರು ಘಾಟಿಯಲ್ಲೇ ಏಕೆ ಸೋತಿತು ಎಂದು ಹಲವರು ಕೇಳಿದರು. ಏರು ಹತ್ತುವಾಗ ಎಂಜಿನ್ ಹೆಚ್ಚು ಡೀಸೆಲ್ ಕೇಳುತ್ತದೆ. ಕಟ್ಟಿಕೊಂಡ ಫಿಲ್ಟರ್ ಸಪಾಟಿಗೆ ಸಾಕಾಗುವಷ್ಟನ್ನು ಹೇಗೋ ಬಿಡುತ್ತದೆ, ಏರಿಗೆ ಬೇಕಾದಷ್ಟನ್ನು ಬಿಡಲಾರದು. ಕಾಮನ್ ರೈಲ್, ಅಂದರೆ ಎಲ್ಲ ಇಂಜೆಕ್ಟರುಗಳಿಗೂ ಒಂದೇ ಪೈಪಿನಿಂದ ಡೀಸೆಲ್ ಹೋಗುವ ಎಂಜಿನ್ನುಗಳಲ್ಲಿ, ಡೀಸೆಲ್ ಸಾವಿರ ಬಾರ್ ಮೀರಿದ ಒತ್ತಡದಲ್ಲಿ ಇಂಜೆಕ್ಟರ್ ಸೇರುತ್ತದೆ. ನಿಮ್ಮ ಕಾರಿನ ಟೈರಿನಲ್ಲಿರುವ ಗಾಳಿಯ ಒತ್ತಡ ಎರಡು ಬಾರ್‌ಗಿಂತ ಸ್ವಲ್ಪ ಹೆಚ್ಚು, ಅಷ್ಟೇ. ಇಂತಹ ಒತ್ತಡದಲ್ಲಿ, ತಲೆಗೂದಲಿಗಿಂತ ಎಷ್ಟೋ ಸಣ್ಣ ಕಣವೂ ಉಕ್ಕನ್ನು ಗೀರಬಲ್ಲದು. ಈ ಒತ್ತಡ ಕೊಡುವ ಹೈ ಪ್ರೆಶರ್ ಪಂಪಿಗೆ ಡೀಸೆಲ್ಲೇ ಸವೆತ ತಡೆಯುವ ಜಿಡ್ಡು. ನೀರು ಸೇರಿದರೆ ಜಿಡ್ಡು ಹೋಗುತ್ತದೆ, ತುಕ್ಕು ಬರುತ್ತದೆ. ಫಿಲ್ಟರ್ ಕಾಯುವುದು ಕಣ ಮತ್ತು ನೀರು, ಈ ಎರಡರಿಂದ.

ನಮ್ಮ ಮಲೆನಾಡಿನಲ್ಲಿ ನೀರು ಸೇರುವ ದಾರಿಗಳು ಹೆಚ್ಚು. ತೋಟದ ಪಂಪ್‌ಸೆಟ್ಟಿಗೆಂದು ಬ್ಯಾರೆಲ್ಲಿನಲ್ಲಿ ತುಂಬಿಟ್ಟ ಡೀಸೆಲ್ಲನ್ನೇ ಅವಸರಕ್ಕೆ ಕಾರಿಗೂ ಸುರಿಯುವುದು ಇಲ್ಲಿ ರೂಢಿ. ಬ್ಯಾರೆಲ್ಲಿನ ಮುಚ್ಚಳದ ಮೇಲೆ ನಿಂತ ಮಳೆನೀರು ಬಿರಟೆಯ ಸಂದಿನಲ್ಲಿ ಇಳಿದಿರುತ್ತದೆ, ಡೀಸೆಲ್ಲಿಗಿಂತ ಭಾರವಾದ್ದರಿಂದ ತಳದಲ್ಲಿ ಕೂತಿರುತ್ತದೆ. ಮಕ್ಕಳು ಬೆಂಗಳೂರಿನಲ್ಲಿದ್ದು, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಾಲು ಟ್ಯಾಂಕ್ ಡೀಸೆಲ್ಲಿನೊಂದಿಗೆ ಶೆಡ್ಡಿನಲ್ಲೇ ನಿಲ್ಲುವ ಕಾರುಗಳೂ ಇವೆ. ಟ್ಯಾಂಕಿನ ಖಾಲಿ ಭಾಗದ ಗೋಡೆಯ ಮೇಲೆ ತೇವ ಹನಿಗಟ್ಟಿ ಒಳಗಿಳಿಯುತ್ತದೆ. ಕಾರು ನಿಲ್ಲಿಸಿಡುವುದಾದರೆ ಟ್ಯಾಂಕ್ ತುಂಬಿಸಿ ನಿಲ್ಲಿಸಿ. ಬ್ಯಾರೆಲ್ಲಿನ ಡೀಸೆಲ್ಲನ್ನು ದಯವಿಟ್ಟು ಕಾರಿಗೆ ಹಾಕಬೇಡಿ.

ಮಾರುತಿಯವರು 2020ರ ಏಪ್ರಿಲ್‌ನಿಂದ ಡೀಸೆಲ್ ಕಾರುಗಳನ್ನು ನಿಲ್ಲಿಸಿದ್ದಾರೆ. ಎಂದರೆ ಇಂದು ನೀವು ಕೊಳ್ಳುವ ಮಾರುತಿ ಡೀಸೆಲ್ ಯಾವುದೇ ಇರಲಿ, ಅದಕ್ಕೆ ಐದು ವರ್ಷ ದಾಟಿದೆ. ಎರಡು ಮೂರು ಕೈ ಬದಲಾಗಿರುವುದೂ ಉಂಟು. ಕೈ ಬದಲಾದಾಗ ಸರ್ವಿಸ್ ಬುಕ್ಕು ಕಳೆದುಹೋಗುತ್ತದೆ, ಅದರೊಂದಿಗೆ ಫಿಲ್ಟರಿನ ನೆನಪೂ ಹೋಗುತ್ತದೆ. ಮಾರುವವರು ಹಣ ಹಾಕುವುದು ಕಣ್ಣಿಗೆ ಕಾಣುವ ಕಡೆ, ಪಾಲಿಷ್‌ಗೆ, ಸೀಟ್ ಕವರ್‌ಗೆ, ವಾಟರ್ ಸರ್ವಿಸ್‌ಗೆ. ‘ಸರ್ವಿಸ್ ಆಗಿದೆ’ ಎಂದು ಯಾರಾದರೂ ಹೇಳಿದರೆ ಯಾವ ಸರ್ವಿಸ್ ಎಂದು ಕೇಳಿ. ನಮ್ಮ ಕಡೆ ಕಾರು ತೊಳೆಸುವುದನ್ನೂ ಸರ್ವಿಸ್ ಎಂದೇ ಕರೆಯುತ್ತೇವಲ್ಲ.

ಪೆಟ್ರೋಲ್ ಕಾರಿನವರು ನಮಗಿದು ಸಂಬಂಧಿಸಿದ್ದಲ್ಲ ಎಂದುಕೊಳ್ಳಬೇಡಿ. ಶೇಕಡಾ 20 ಎಥನಾಲ್ ಬೆರೆತ ಪೆಟ್ರೋಲಿಗೆ 2023ರ ಫೆಬ್ರವರಿಯಲ್ಲಿ ಚಾಲನೆ ಸಿಕ್ಕಿದ್ದು ನಮ್ಮ ಬೆಂಗಳೂರಿನಲ್ಲೇ. ಎಥನಾಲ್ ತೇವವನ್ನು ಎಳೆದುಕೊಳ್ಳುತ್ತದೆ, ಹಳೆಯ ಟ್ಯಾಂಕಿನ ಗೋಡೆಗೆ ಅಂಟಿದ ಕೊಳೆಯನ್ನು ಸಡಿಲಿಸುತ್ತದೆ. ಸಡಿಲಿಸಿದ ಕೊಳೆ ಬಂದು ಕೂರುವುದು ಫಿಲ್ಟರಿನಲ್ಲಿ. ಹಳೆಯ ಕಾರುಗಳ ರಬ್ಬರ್ ಪೈಪುಗಳನ್ನೂ ಇದೇ ಸಂದರ್ಭದಲ್ಲಿ ನೋಡುತ್ತೇವೆ. ಹಲವು ಹೊಸ ಮಾದರಿಗಳಲ್ಲಿ ಫಿಲ್ಟರ್ ಟ್ಯಾಂಕಿನೊಳಗೆ ಪಂಪಿನ ಜೊತೆಗೇ ಇರುತ್ತದೆ. ಅಂತಹ ಕಾರುಗಳಲ್ಲಿ ಸುಮ್ಮನೆ ಬಿಚ್ಚುವುದಿಲ್ಲ, ಪೆಟ್ರೋಲಿನ ಒತ್ತಡ ಅಳೆದು, ಕಡಿಮೆ ಇದ್ದರೆ ಮಾತ್ರ ಕೈ ಹಾಕುತ್ತೇವೆ. ಸದಾ ರಿಸರ್ವ್‌ನಲ್ಲೇ ಓಡಿಸುವವರಿಗೆ ಒಂದು ಮಾತು: ಟ್ಯಾಂಕಿನೊಳಗಿನ ಆ ಪಂಪನ್ನು ತಣ್ಣಗಿಡುವುದು ಪೆಟ್ರೋಲೇ.

ಇನ್ನೊಂದು ಬದಲಾವಣೆ. ಡೀಸೆಲ್ ಫಿಲ್ಟರಿಗೆ ಗಾಳಿ ಹೊಡೆದು ಮತ್ತೆ ಹಾಕಿಕೊಡಿ ಎಂದು ಕೇಳುವವರಿದ್ದಾರೆ. ಇದುವರೆಗೆ ಒತ್ತಾಯಕ್ಕೆ ಕೆಲವೊಮ್ಮೆ ಮಾಡಿಕೊಟ್ಟದ್ದೂ ಉಂಟು. ಇನ್ನು ಮಾಡುವುದಿಲ್ಲ. ಗಾಳಿಯ ರಭಸಕ್ಕೆ ಒದ್ದೆ ಕಾಗದ ಬಿರಿಯುತ್ತದೆ, ಹೊರಮೈಯ ಕೊಳೆ ಒಳಮೈ ಸೇರುತ್ತದೆ. ಹೊಸ ಫಿಲ್ಟರ್ ಹಾಕದೆ ಉಳಿಸಿದ ಕೆಲವು ನೂರು ರೂಪಾಯಿ ಇಂಜೆಕ್ಟರಿನ ಬಿಲ್ಲಾಗಿ ಬಂದಾಗ ಹತ್ತಾರು ಸಾವಿರವಾಗಿರುತ್ತದೆ.

ಫಿಲ್ಟರಿನ ಜೊತೆಗೆ ಎಂಜಿನ್ ಆಯಿಲ್, ಕೂಲಂಟ್, ಬ್ರೇಕ್ ಆಯಿಲ್, ಬೆಲ್ಟು, ಬ್ಯಾಟರಿ, ಟೈರು ನೋಡಿ ಒಂದು ಹಾಳೆಯಲ್ಲಿ ಬರೆದುಕೊಡುತ್ತೇವೆ. ಬ್ರೇಕ್ ಆಯಿಲ್ ಕೂಡ ತೇವ ಹೀರುವಂಥದ್ದು, ಸಾಮಾನ್ಯವಾಗಿ ಎರಡು ವರ್ಷಕ್ಕೊಮ್ಮೆ ಬದಲಾಯಿಸಬೇಕು. ಇಳಿಜಾರಿನಲ್ಲಿ ಬ್ರೇಕ್ ಕಾದಾಗ ಅದರ ಬೆಲೆ ತಿಳಿಯುತ್ತದೆ. ಟೈರಿನ ಪಕ್ಕದಲ್ಲಿರುವ ನಾಲ್ಕು ಅಂಕಿಗಳನ್ನು ನೀವೇ ಓದಬಹುದು. 2319 ಎಂದಿದ್ದರೆ ಅದು 2019ರ ಇಪ್ಪತ್ತಮೂರನೆಯ ವಾರದಲ್ಲಿ ತಯಾರಾದದ್ದು. ಸ್ಟೆಪ್ನಿಯದನ್ನೂ ಓದಿ.

ಖರ್ಚಿನ ವಿಷಯ. ಈ ಮೊದಲ ತಪಾಸಣೆಗೆ 500 ರೂಪಾಯಿ. ಅದೇ ದಿನ ನಮ್ಮಲ್ಲಿ ಕೆಲಸ ಮಾಡಿಸಿದರೆ ಅದನ್ನು ಬಿಲ್ಲಿನಲ್ಲಿ ಕಳೆಯುತ್ತೇವೆ. ಫಿಲ್ಟರಿನ ಬೆಲೆ ಕಾರಿಗೆ ತಕ್ಕಂತೆ ಬೇರೆ, ಡಬ್ಬಿಯ ಮೇಲೆ ಅಚ್ಚಾದ ದರಕ್ಕಿಂತ ಒಂದು ರೂಪಾಯಿಯೂ ಹೆಚ್ಚು ಕೇಳುವುದಿಲ್ಲ. ಎಷ್ಟು ಕಿಲೋಮೀಟರಿಗೆ ಬದಲಾಯಿಸಬೇಕೆಂಬುದಕ್ಕೆ ನಿಮ್ಮ ಕಾರಿನ ಕೈಪಿಡಿಯ ಮಾತೇ ಅಂತಿಮ. ಹಾಕಿದ ದಿನಾಂಕ ಮತ್ತು ಮೀಟರಿನ ಅಂಕಿಯನ್ನು ಫಿಲ್ಟರಿನ ಮೇಲೆಯೇ ಮಾರ್ಕರಿನಿಂದ ಬರೆಯುತ್ತೇವೆ, ಮುಂದೆ ಬೇರೆ ಗ್ಯಾರೇಜಿಗೆ ಹೋದರೂ ಅವರಿಗೆ ತಿಳಿಯಲಿ.

ನೀವಿನ್ನೂ ಕಾರು ಕೊಂಡಿಲ್ಲವಾದರೆ, ಮುಂಗಡ ಕೊಡುವ ಮೊದಲೇ ತಂದು ತೋರಿಸಿ. ಆಗಲಾದರೆ ಹಿಂದಿನ ಸಂಜೆಯೇ ತಂದು ನಮ್ಮ ಅಂಗಳದಲ್ಲಿ ನಿಲ್ಲಿಸಿ. ರಾತ್ರಿಯಿಡೀ ತಣ್ಣಗಾದ ಎಂಜಿನ್ ಬೆಳಗ್ಗೆ ಎಷ್ಟು ಸಲ ಸೆಲ್ಫ್ ಹೊಡೆದರೆ ಎದ್ದೇಳುತ್ತದೆ ಎಂಬುದನ್ನು ನಾವಿಬ್ಬರೂ ಜೊತೆಯಲ್ಲೇ ನಿಂತು ಕೇಳೋಣ. ಮೇಷ್ಟ್ರ ಕಾರಿನ ಕತ್ತರಿಸಿದ ಫಿಲ್ಟರ್ ನಮ್ಮ ಮೇಜಿನ ಮೇಲೆಯೇ ಇದೆ, ಅವರ ಒಪ್ಪಿಗೆ ಪಡೆದೇ ಇಟ್ಟುಕೊಂಡಿದ್ದೇವೆ. ಬಂದಾಗ ಕೈಯಲ್ಲಿ ಹಿಡಿದು ನೋಡಿ.

ಇಂತಿ ನಿಮ್ಮ ವಿಶ್ವಾಸಿಗಳು,
ಗ್ಯಾರೇಜಿನ ಬಳಗ