ಬ್ರೇಡ್ ದಾರಕ್ಕೆ ಒನಕೆಯಂಥ ಕೋಲು ಬೇಡ

ಮಾನ್ಯ ಸಂಪಾದಕರೇ,

ಮಳೆಗಾಲ ಮುಗಿದು ಕಡಲು ಶಾಂತವಾಯಿತೆಂದರೆ ತುಮಕೂರಿನ ಗಾಳದ ಹವ್ಯಾಸದವರು ಶನಿವಾರ ರಾತ್ರಿ ಹೊನ್ನಾವರದ ದಾರಿ ಹಿಡಿಯುತ್ತಾರೆ. ಕೈಯಲ್ಲಿರುವುದು ಮಾರ್ಕೋನಹಳ್ಳಿ ಜಲಾಶಯದಲ್ಲಿ ಕಾಟ್ಲಾ ಹಿಡಿಯುವ ರಾಡು, ಇಲ್ಲವೇ ‘ಹೆಣೆದ ದಾರ, ಬ್ರೇಡ್ ಹಾಕ್ತೀರಾ? ಹಾಗಾದ್ರೆ ಗಟ್ಟಿಯದೇ ತಗೊಳ್ಳಿ’ ಎಂದು ಅಂಗಡಿಯವರು ಕೊಟ್ಟ ಒನಕೆ. ಮುರುಡೇಶ್ವರದ ಬಂಡೆಗಳ ಮೇಲೆ ಎರಡೂ ಕೈಕೊಡುತ್ತವೆ.

ಎಳೆದರೆ ತಂಗೂಸಿ, ಅಂದರೆ ಒಂಟಿ ಎಳೆಯ ನೈಲಾನ್ ದಾರ, ನೂರಕ್ಕೆ 20ರಷ್ಟು ಹಿಗ್ಗುತ್ತದೆ. ಬ್ರೇಡ್ ಹಿಗ್ಗುವುದು 3ರಿಂದ 5 ಮಾತ್ರ. ಮೀನು ತಲೆ ಒದರಿದಾಗ ಆ ಜಗ್ಗನ್ನು ತಂಗೂಸಿ ತಾನೇ ನುಂಗಿಕೊಳ್ಳುತ್ತದೆ. ಬ್ರೇಡಿನಲ್ಲಿ ಆ ಕೆಲಸ ರಾಡಿನದು. ರಾಡೂ ಬಾಗದಿದ್ದರೆ ಗಂಟು ಕೀಳುತ್ತದೆ, ಇಲ್ಲವೇ ಕೊಕ್ಕೆ ಬಾಯಿ ಹರಿದುಕೊಂಡು ಬರುತ್ತದೆ. ಹಾಗಂತ ಪೂರ್ತಿ ಮೆತ್ತಗಿನದೂ ಆಗದು: ಕಲ್ಲುಸಂದಿಯ ಮುರು ಮೀನು ಕಚ್ಚಿದ ಎರಡು ಮೂರು ಸೆಕೆಂಡಿನಲ್ಲೇ ಬಿಲ ಹೊಕ್ಕು ಕಿವಿರು ಹಿಗ್ಗಿಸಿ ಕೂತುಬಿಡುತ್ತದೆ. ತುದಿಯ ಮೂರನೇ ಒಂದು ಭಾಗ ಸಲೀಸಾಗಿ ಬಾಗಿ, ನಡುವಿನಿಂದ ಕೆಳಕ್ಕೆ ಬಿಗಿಯುತ್ತ ಹೋಗುವ ರಾಡು ಬೇಕು.

ಗಾಳಿಯಲ್ಲಿ ಅಲ್ಲಾಡಿಸಿ ನೋಡಿದರೆ ಇದು ತಿಳಿಯದು. ಅಂಗಡಿಯಲ್ಲೇ ರೀಲ್ ಕೂರಿಸಿ, ದಾರ ಪೋಣಿಸಿ, ಒಂದು ಲೀಟರಿನ ತುಂಬಿದ ನೀರಿನ ಬಾಟಲಿ ಕಟ್ಟಿ ಮೆಲ್ಲಗೆ ಎತ್ತಿ. ಒಂದಕ್ಕೆ ತುದಿ ಬಾಗಬೇಕು, ಎರಡು ಕಟ್ಟಿದರೆ ಬಾಗು ನಡುವಿಗಿಳಿಯಬೇಕು. ರಾಡನ್ನು ನೆಟ್ಟಗೆ ಮೇಲಕ್ಕೆ ಮಾತ್ರ ಎತ್ತಬೇಡಿ, ತುದಿ ಮುರಿಯುವುದು ಹಾಗೆಯೇ. ಕೃತಕ ಮೀನು ಎಸೆಯುವವರಿಗೆ 10 ಅಡಿ ಉದ್ದದ, 40–80 ಗ್ರಾಂ ತೂಕ ಎಸೆಯಬಲ್ಲ ರಾಡು ಸಾಕು. ಸೀಸ ಕಟ್ಟಿ ಬೂತಾಯಿ ತುಂಡು ಎಸೆಯುವವರಿಗೆ 12 ಅಡಿ, 100–150 ಗ್ರಾಂ; ಈ ತೂಕದಲ್ಲಿ ಸೀಸ, ಎರೆ ಎರಡೂ ಸೇರಿವೆ. ಉದ್ದ ರಾಡು ಕಾಲ ಬುಡದ ಬಂಡೆಗಳಿಗೆ ದಾರ ತಾಗದಂತೆ ಮೇಲೆ ಹಿಡಿಯುತ್ತದೆ.

ಯಾರೂ ನೋಡದ ಜಾಗ ದಾರ ಹಾಯುವ ರಾಡಿನ ಬಳೆಗಳು. ಒದ್ದೆ ಬ್ರೇಡ್ ಉಪ್ಪು, ಮರಳು ಹೊತ್ತು ಉಜ್ಜುವುದರಿಂದ ಬರಿ ಲೋಹದ ಬಳೆಯಲ್ಲಿ ಕೂದಲೆಳೆಯಷ್ಟು ಗೆರೆ ಬೀಳುತ್ತದೆ. ಆಮೇಲೆ ಆ ಗೆರೆಯೇ ಬ್ರೇಡನ್ನು ಕೊಯ್ಯುತ್ತದೆ. ಒಳಬಳೆ ಸಿಲಿಕಾನ್ ಕಾರ್ಬೈಡ್ ಅಥವಾ ಅಲ್ಯೂಮಿನಿಯಂ ಆಕ್ಸೈಡಿನದಿರಲಿ. ಚೂರು ಹತ್ತಿಯನ್ನು ಪ್ರತಿ ಬಳೆಯೊಳಗೂ ಸವರಿ. ಎಳೆ ಸಿಕ್ಕಿದರೆ ಬಿರುಕಿದೆ ಎಂದೇ ಅರ್ಥ. ತುದಿ ಬಳೆ ತೀರಾ ಕಿರಿದಾಗಿದ್ದರೆ ಬ್ರೇಡಿಗೆ ತಂಗೂಸಿ ಸೇರಿಸಿದ ಗಂಟು ಹಾಯುವುದಿಲ್ಲ.

ಆ ಗಂಟು ಏಕೆಂದರೆ, ಬಂಡೆಗಂಟಿದ ಚಿಪ್ಪಿಗೆ ಬಿಗಿದ ಬ್ರೇಡ್ ಒಮ್ಮೆ ಸವರಿದರೂ ತುಂಡಾಗುತ್ತದೆ. 3ನೇ ನಂಬರ್ (ದಪ್ಪದ ಅಳತೆ) ಬ್ರೇಡಿನ ಕೊನೆಗೆ 0.7–0.8 ಮಿ.ಮೀ. ದಪ್ಪದ ತಂಗೂಸಿ ಮೂರರಿಂದ ಐದು ಮೀಟರ್ ಇರಲಿ, ಬ್ರೇಡನ್ನು ತಂಗೂಸಿಯ ಸುತ್ತ ಹೆಣೆದು ಬಿಗಿಯುವ ಎಫ್‌ಜಿ ಗಂಟಿನಲ್ಲಿ. ಸೀಸವನ್ನು ಬೇರೆ ತೆಳು ದಾರದಲ್ಲಿ ಇಳಿಬಿಟ್ಟರೆ ಕಲ್ಲಿಗೆ ಸಿಕ್ಕಾಗ ಹೋಗುವುದು ಸೀಸ ಮಾತ್ರ. ಈ ಬ್ರೇಡಿನ ಬಲ 18 ಕೆ.ಜಿ. ಆಸುಪಾಸು, ರೀಲಿನ ಡ್ರ್ಯಾಗ್ (ಮೀನು ಎಳೆದಾಗ ರೀಲ್ ದಾರ ಬಿಡಲು ಶುರುಮಾಡುವ ಬಿಗಿ) ನಾಲ್ಕೈದು ಕೆ.ಜಿ.ಗೆ ನಿಲ್ಲಲಿ. ಹುಣಸೆಹಣ್ಣು ತೂಗುವ ಸ್ಪ್ರಿಂಗ್ ತಕ್ಕಡಿಗೆ ದಾರ ಕಟ್ಟಿ ಎಳೆದರೆ ಗೊತ್ತಾಗುತ್ತದೆ.

ಸಿಕ್ಕಿಕೊಂಡ ದಾರವನ್ನು ರಾಡು ಬಗ್ಗಿಸಿ ಕೀಳಬೇಡಿ, ಕೈಗಂತೂ ಸುತ್ತಲೇಬೇಡಿ, ಬೆರಳು ಕೊಯ್ಯುತ್ತದೆ. ರಾಡನ್ನು ದಾರದ ನೇರಕ್ಕೆ ಇಳಿಸಿ, ಒಂದು ಗೇಣು ಮರದ ತುಂಡಿಗೆ ಆರೇಳು ಸುತ್ತು ಹಾಕಿ, ಮುಖ ಒಂದು ಪಕ್ಕಕ್ಕೆ ತಿರುಗಿಸಿ, ನಿಂತಲ್ಲೇ ಎಳೆಯಿರಿ. ಕಡಲಿಗೆ ಬೆನ್ನು ಹಾಕಬಾರದು.

ನಮ್ಮೂರ ಅಂಗಡಿಯವರಲ್ಲೊಂದು ಕೋರಿಕೆ: ರಾಡಿನ ಬೆಲೆ ಚೀಟಿಯಲ್ಲಿ ಒಳಬಳೆ ಯಾವುದರದು ಎಂದೂ ಬರೆಯಿರಿ, ಮತ್ತು ಕೊಳ್ಳುವವರು ನೀರಿನ ಬಾಟಲಿ ಕಟ್ಟಿ ನೋಡುತ್ತೇವೆಂದರೆ ಬೇಡವೆನ್ನಬೇಡಿ.

– ಗಾಳದ ಹವ್ಯಾಸಿಗಳು, ತುಮಕೂರು