ನಿನ್ನ ಕಥೆಯಲ್ಲಿ ಅವನು ನುಡಿಸಿದ್ದೆಲ್ಲಿ?

ಮಗೂ,

ಒಂಟಿಗೈ ಪಿಯಾನೋ ವಾದಕ ಗೇಜಾ ಜಿಚಿಯ ಬಗ್ಗೆ ನೀನು ಬರೆದದ್ದನ್ನು ಎರಡು ಸಲ ಓದಿದೆ. ಒಲೆಗೆ ಹಾಕುತ್ತೇನೆ ಅಂದಿದ್ದೀಯಲ್ಲ, ಹಾಕಬೇಡ. ಅಧ್ಯಾಯ ಎಷ್ಟಿರಬೇಕು, ಯಾವ ಪ್ರಕಾಶಕರು, ಅದನ್ನೆಲ್ಲ ಯಾರಾದರೂ ಹೇಳಿಯಾರು. ನನ್ನ ತಕರಾರು ಒಂದೇ.

1863ರಲ್ಲಿ ಬೇಟೆಗೆ ಹೋದ ಆ ಹಂಗೇರಿಯ ಹುಡುಗನ ಬಲಗೈ ಹೋದದ್ದಕ್ಕೆ 18 ಪುಟ. ಎಡಗೈ ಕಲಿತದ್ದಕ್ಕೆ ಒಂದೇ ಸಾಲು: 'ಛಲದಿಂದ ಸಾಧಿಸಿದ.' ಹೇಗೆ, ಮಾರಾಯ್ತಿ? ಪಿಯಾನೋ ಮೇಲೆ ಎಡಗೈ ಇಟ್ಟು ನೋಡು. ಹೆಬ್ಬೆರಳು ತಾರಸ್ಥಾಯಿಯ ಕಡೆ ಬರುತ್ತದೆ, ರಾಗವನ್ನು ಅದೇ ಹೊರಬೇಕು. ಕಿರುಬೆರಳು ಒತ್ತಿಬಿಟ್ಟ ಮಂದ್ರಸ್ವರವನ್ನು ಕಾಲ್ಕೆಳಗಿನ ಪೆಡಲ್ ಹಿಡಿದಿರುತ್ತದೆ, ಅಷ್ಟರೊಳಗೆ ಕೈ ಮೇಲಕ್ಕೆ ಹಾರಿರಬೇಕು. ಎಡಗೈಗೆಂದೇ ಅವನು ರಚಿಸಿದ ಅಭ್ಯಾಸಕೃತಿಗಳಿಗೆ ಮುನ್ನುಡಿ ಬರೆದದ್ದು ಅವನ ಗುರು, ಪಿಯಾನೋ ವಾದಕ ಫ್ರಾಂಜ್ ಲಿಸ್ಟ್. ಹಂಗೇರಿಯ ಹೆಸರಾಂತ ನಡಿಗೆ-ಸಂಗೀತ ರಾಕೋತ್ಸಿ ಮಾರ್ಚನ್ನು ಗುರುಶಿಷ್ಯರು ಮೂರು ಕೈಯಲ್ಲಿ ನುಡಿಸಿದರು. ಆ ಮೂರು ಕೈ ನಿನ್ನ ಬರಹದಲ್ಲಿ ಯಾಕಿಲ್ಲ?

1891ರಲ್ಲಿ ಅವನು ಬುಡಾಪೆಸ್ಟಿನ ಒಪೆರಾ ಮುಖ್ಯಸ್ಥನಾಗಿ ಬಂದ, ಅಲ್ಲಿ ನಿರ್ದೇಶಕನಾಗಿದ್ದ ಸಂಗೀತಗಾರ ಗುಸ್ತಾವ್ ಮಾಹ್ಲರ್ ಜಾಗ ಖಾಲಿ ಮಾಡಿದ. ಅದನ್ನೂ ಮುಚ್ಚಿಟ್ಟಿದ್ದೀಯ. ಕೈ ಇಲ್ಲದವನು ಯಾರೊಡನೆಯೂ ಜಟಾಪಟಿ ಮಾಡಬಾರದೇನು?

ಸಿಟ್ಟು ನಿನ್ನ ಮೇಲಲ್ಲ. ನಾನೂ 26ರ ವಯಸ್ಸಿಗೆ ನಮ್ಮ ಬಸ್‌ಸ್ಟ್ಯಾಂಡಿನ ಒಂಟಿಗೈ ಬೀಡಾ ಅಂಗಡಿಯವನ ಮೇಲೆ ಕಥೆ ಬರೆದೆ. ಓದಿದವರು ಅತ್ತರು, ಬಹುಮಾನ ಬಂತು. ಖುಷಿಗೆ ಪತ್ರಿಕೆ ಒಯ್ದು ಅವನಿಗೇ ಓದಿ ಹೇಳಿದೆ. ಕೇಳುತ್ತಲೇ ಅವನು ಎಲೆಯನ್ನು ತೊಡೆಯ ಮೇಲಿನ ಒದ್ದೆ ಬಟ್ಟೆಗೆ ಅಂಟಿಸಿ, ಸುಣ್ಣ ಸವರಿ, ಅಡಿಕೆ ಉದುರಿಸಿ, ಮೂರೇ ಬೆರಳಲ್ಲಿ ಮಡಿಸಿ, ಹೆಬ್ಬೆರಳ ಉಗುರಿಂದ ಲವಂಗ ಚುಚ್ಚಿದ. "ಎಲ್ಲಾ ಸರಿ ಸಾಮಿ, ನಿಮ್ ಕಥೇಲಿ ನಾನು ಒಂದಾದ್ರೂ ಬೀಡಾ ಕಟ್ಟಿದ್ನಾ?" ಅಂದ.

ಆ ಕಥೆ ಈಗಲೂ ಸಂಕಲನಗಳಲ್ಲಿ ಬರುತ್ತಿದೆ. ಯಾರಾದರೂ ಹೊಗಳಿದರೆ ನಾನು ಮಾತು ಬದಲಿಸುತ್ತೇನೆ.

18ರಲ್ಲಿ 2 ಪುಟ ಉಳಿಸಿಕೋ. ಎಲ್ಲಾದರೂ ಒಂದು ಕೀಬೋರ್ಡ್ ಸಿಕ್ಕರೆ ಬಲಗೈಯನ್ನು ಬೆನ್ನ ಹಿಂದಿಟ್ಟು ಒಂದು ವಾರ ಕೂರು. ಆಮೇಲೆ ಕಳಿಸು. ಮುನ್ನುಡಿ ಕೇಳಿದ್ದೀಯ, ಅದನ್ನು ಆಗ ನೋಡೋಣ.

ಇತಿ,
ನಿನ್ನ ಮೇಷ್ಟ್ರು