ವಿಷದ ಹಿಂದೆಯೇ ಪ್ರತಿಕಾಯವೂ ಓಡಬೇಕು

ಮಾನ್ಯ ಸಂಪಾದಕರೆ,

ಅಡಿಕೆ ಕೊಯ್ಲು ಶುರುವಾದರೆ ನಮ್ಮ ಶಿರಸಿ-ಸಿದ್ದಾಪುರದ ಕಡೆ ಹಾವು ಕಡಿತದ ಸುದ್ದಿಯೂ ಶುರುವಾಗುತ್ತದೆ. ಕಳೆದ ವರ್ಷ ಅದು ನಮ್ಮ ಮನೆಗೇ ಬಂತು. ಬಿದ್ದಡಿಕೆ ಹೆಕ್ಕುತ್ತಿದ್ದ ದೊಡ್ಡಪ್ಪನ ಮಗನ ಪಾದಕ್ಕೆ ದರಕಿನಡಿ ಇದ್ದ ಕೊಳಕುಮಂಡಲ ಕಡಿಯಿತು. ಮೊದಲು ಓಡಿದ್ದು ಬೇರು ಅರೆದು ಕೊಡುವವರ ಮನೆಗೆ. ಆಮೇಲೆ ಒಂದು ಆಸ್ಪತ್ರೆಗೆ. ಅಲ್ಲಿ ಸೂಜಿಯನ್ನೂ ಚುಚ್ಚದೆ ‘ದೊಡ್ಡ ಆಸ್ಪತ್ರೆಗೆ ಒಯ್ಯಿರಿ’ ಎಂದರು. ಕೊನೆಗೆ ಸಿಕ್ಕಿದ ವೈದ್ಯರು ಗಾಜಿನ ನಳಿಕೆಗೆ ಸ್ವಲ್ಪ ರಕ್ತ ಹಾಕಿ 20 ನಿಮಿಷ ಅಲುಗಾಡಿಸದೆ ಇಟ್ಟರು. ಓರೆ ಮಾಡಿದರೆ ಗಟ್ಟಿಯಾಗಿರಬೇಕಾದ ರಕ್ತ ನೀರಿನಂತೆ ಹರಿಯಿತು. ಪ್ರತಿವಿಷ ಹತ್ತುವಾಗ ಮೂರೂವರೆ ಗಂಟೆ ಕಳೆದಿತ್ತು. ಅಣ್ಣ ಉಳಿದ. ಆದರೆ ಮೂತ್ರಪಿಂಡಕ್ಕೆ ಪೆಟ್ಟು ಬಿದ್ದು ಹಲವು ಸಲ ಡಯಾಲಿಸಿಸ್ ಆಯಿತು.

ಆ ಹೊತ್ತು ಯಾಕೆ ಅಷ್ಟು ದುಬಾರಿಯಾಯಿತೆಂದು ನನಗೆ ಅರ್ಥವಾದದ್ದು ಪ್ರತಿವಿಷದಲ್ಲಿ ಇರುವ, ವಿಷವನ್ನು ಹಿಡಿಯುವ ಪ್ರತಿಕಾಯದ (ಆ್ಯಂಟಿಬಾಡಿ) ರಚನೆಯ ಬಗ್ಗೆ ಓದಿದ ಮೇಲೆ. ಅದು ಕವೆಗೋಲಿನ ಆಕಾರದ ಪ್ರೋಟೀನು. ಎರಡು ಉದ್ದ, ಎರಡು ಗಿಡ್ಡ ಸರಪಣಿಗಳನ್ನು ಗಂಧಕದ ಕೊಂಡಿಗಳು ಬಿಗಿದಿರುತ್ತವೆ. ಈ ರಚನೆಯನ್ನು ಬಿಡಿಸಿದ ಪೋರ್ಟರ್ ಮತ್ತು ಎಡೆಲ್‌ಮನ್ ಅವರಿಗೆ 1972ರಲ್ಲಿ ನೊಬೆಲ್ ಬಂತು. ಕವೆಯ ಎರಡು ತುದಿಗಳು ಶತ್ರುವಿನ ಮೈಯ ಅಂಕುಡೊಂಕಿಗೆ ಸರಿಯಾಗಿ ಕೂತು ಹಿಡಿಯುತ್ತವೆ. ರೋಗಾಣುವನ್ನು ಹಾಗೆ ಹಿಡಿದಾಗ, ಅದನ್ನು ನುಂಗುವ ಬಿಳಿ ರಕ್ತಕಣಗಳನ್ನು ಕರೆಯುವುದು ಹಿಡಿಕೆಯ ಕೆಲಸ.

ಹೊಸ ಶತ್ರು ಬಂದರೆ ನಮ್ಮ ಮೈ ತಾನೇ ಪ್ರತಿಕಾಯ ಮಾಡಿಕೊಳ್ಳಲು ವಾರವಾದರೂ ಬೇಕು. ವಿಷ ಅಷ್ಟು ದಿನ ಕಾಯುವುದಿಲ್ಲ. ಅದಕ್ಕೇ ಕುದುರೆಗೆ ತಿಂಗಳುಗಟ್ಟಲೆ ಚೂರು ಚೂರೇ ವಿಷ ಕೊಟ್ಟು, ಅದರ ರಕ್ತದಲ್ಲಿ ಹುಟ್ಟಿದ ಪ್ರತಿಕಾಯವನ್ನು ನಮಗೆ ಏರಿಸುತ್ತಾರೆ. ಕುದುರೆಯ ಹಿಡಿಕೆ ನಮ್ಮ ಮೈಗೆ ಒಗ್ಗದೆಂದು ತಯಾರಿಕೆಯಲ್ಲೇ ಪೆಪ್ಸಿನ್ ಎಂಬ, ಪ್ರೋಟೀನು ಕತ್ತರಿಸುವ ಕಿಣ್ವ ಹಾಕಿ ಅದನ್ನು ಕತ್ತರಿಸಿ, ಕವೆಯನ್ನಷ್ಟೇ ಉಳಿಸಿಕೊಳ್ಳುತ್ತಾರೆ. ಆದರೂ ಕೆಲವರಿಗೆ ಗಂದೆ ಏಳುತ್ತದೆ, ರಕ್ತದೊತ್ತಡ ಕುಸಿಯುತ್ತದೆ. ವೈದ್ಯರು ಹಿಂಜರಿಯುವುದು ಇದಕ್ಕೆ. ಆ ಭಯ ಸುಳ್ಳಲ್ಲ. ಆದರೆ ಅಡ್ರಿನಲಿನ್ ಚುಚ್ಚುಮದ್ದು ಕೈಯಳತೆಯಲ್ಲಿದ್ದರೆ ಅದನ್ನು ನಿಭಾಯಿಸಬಹುದು. ಹೋದ ಹೊತ್ತನ್ನು ಯಾವ ಚುಚ್ಚುಮದ್ದೂ ತಂದುಕೊಡದು.

ಯಾಕೆಂದರೆ ಈ ಕವೆ ಹಿಡಿಯುವುದು ಇನ್ನೂ ರಕ್ತದಲ್ಲಿ ತಿರುಗುತ್ತಿರುವ ವಿಷವನ್ನು. ಆಗಲೇ ಮೂತ್ರಪಿಂಡಕ್ಕೆ ಆದ ಹಾನಿಯನ್ನು ಅದು ಸರಿಪಡಿಸದು. ಕಟ್ಟುಹಾವಿನ ವಿಷ ನರದ ತುದಿಗಳನ್ನು ಹಾಳುಗೆಡವಿದ ಮೇಲೆ ಎಷ್ಟು ಬಾಟಲಿ ಕೊಟ್ಟರೂ ಅವು ಕೂಡಲೇ ಮರಳವು. ಉಸಿರಾಟದ ಯಂತ್ರವೇ ಗತಿ. ಬೇರಿನ ರಸಕ್ಕೆ ಇಂಥ ಕವೆಯೇ ಇಲ್ಲ. ಬಿಗಿಯಾಗಿ ಹಗ್ಗ ಕಟ್ಟಿದರೆ ಕಾಲು ಕೊಳೆಯಬಹುದು.

ನಮ್ಮಲ್ಲಿ ಸಿಗುವ ಪ್ರತಿವಿಷ ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ಈ ನಾಲ್ಕಕ್ಕೆ ಮಾತ್ರ. ಘಟ್ಟದ ಕಾಳಿಂಗಕ್ಕೂ ಉಬ್ಬುಮೂಗಿನ ಗುಳಿಮಂಡಲಕ್ಕೂ ಅದು ತಯಾರಾದದ್ದಲ್ಲ. ಈ ಕೊರತೆಯ ಬಗ್ಗೆ ಇನ್ನೊಮ್ಮೆ ಬರೆಯುತ್ತೇನೆ.

2024ರಲ್ಲಿ ರಾಜ್ಯ ಸರ್ಕಾರ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪಟ್ಟಿಗೆ ಸೇರಿಸಿತು. ಒಳ್ಳೆಯದಾಯಿತು. ಮೊದಲ ಡೋಸನ್ನು ಹತ್ತಿರದ ಆಸ್ಪತ್ರೆಯಲ್ಲೇ ಶುರುಮಾಡಿ, ಆಮೇಲೆ ಹುಬ್ಬಳ್ಳಿಗೋ ಮಣಿಪಾಲಕ್ಕೋ ಕಳಿಸುವ ಕ್ರಮ ಘಟ್ಟದ ಮೇಲೂ ಕರಾವಳಿಯಲ್ಲೂ ಬರಬೇಕು. ತಮ್ಮಲ್ಲಿ ನನ್ನದೊಂದು ವಿನಂತಿ: ಹಾವು ಕಡಿತದ ಸುದ್ದಿ ಹಾಕುವಾಗ, ಕಡಿದದ್ದು ಎಷ್ಟು ಹೊತ್ತಿಗೆ, ಮೊದಲ ಡೋಸ್ ಸಿಕ್ಕಿದ್ದು ಎಷ್ಟು ಹೊತ್ತಿಗೆ ಎಂಬ ಎರಡು ಸಮಯಗಳನ್ನೂ ದಯವಿಟ್ಟು ಅಚ್ಚು ಹಾಕಿಸಿ.

ಇತಿ ತಮ್ಮ ವಿಶ್ವಾಸಿ,
ಒಬ್ಬ ಅಡಿಕೆ ಬೆಳೆಗಾರ, ಶಿರಸಿ ತಾಲ್ಲೂಕು